ಮೇಣದ ಕಾಲು ಬೆಟ್ಟ ಹತ್ತಿದ್ದು

ಕೆಲವರು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗುತ್ತಾರೆ. ನನಗೆ ಆ ಕಷ್ಟವಿಲ್ಲ, ಅವೇ ನಮ್ಮ ಮನೆ ಬಾಗಿಲು ತಟ್ಟುತ್ತವೆ. ನಾನು ಆಕ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಉಸಿರು ಹಿಡಿಯಿರಿ ಅಂದರೆ ಮೂಗು ಹಿಡಿಯುವವರು, ಎಡಗೈ ಇಡಿ ಅಂದರೆ ಎರಡೂ ಕೈ ಇಟ್ಟು ನಿಮಗೆ ಬೇಕಾದದ್ದು ತಗೊಳ್ಳಿ ಅನ್ನುವವರು, ಎಲ್ಲರನ್ನೂ ನೋಡಿದ್ದೇನೆ. ಆದರೆ ಧಾರವಾಡದಿಂದ ನಮ್ಮವ್ವ ಆರು ತಿಂಗಳಿಗೆಂದು ಬಂದ ವರ್ಷ ನಡೆದದ್ದರ ಮುಂದೆ ಅವೆಲ್ಲ ಏನೂ ಅಲ್ಲ.

೧. ಬೇಲಿ ಆಚೆಯ ಹರಕೆ

ನಮ್ಮ ಮನೆ ಆಕ್ಲೆಂಡಿನ ಬಡಾವಣೆ ನ್ಯೂ ಲಿನ್‌ನಲ್ಲಿ. ಪಕ್ಕದ ಮನೆಯಲ್ಲಿ ಸ್ಪೇನ್ ದೇಶದ ಒಬ್ಬ ಅಜ್ಜಿ ಇದ್ದರು. ಹರೆಯದಲ್ಲಿ ಗಂಡನ ಜೊತೆ ಈ ದೇಶಕ್ಕೆ ಬಂದವರು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದವರು. ಅವ್ವ ಬಂದ ಎರಡನೇ ದಿನವೇ ಇಬ್ಬರಿಗೂ ಬೇಲಿಯ ಹತ್ತಿರ ಸ್ನೇಹ ಕುದುರಿತು. ಇಲ್ಲಿಂದ ಜೋಳದ ರೊಟ್ಟಿ ಹೋಗುತ್ತಿತ್ತು, ಅಲ್ಲಿಂದ ಬಾದಾಮಿಯ ಸಿಹಿ ಬರುತ್ತಿತ್ತು. ಅವ್ವನಿಗೆ ಕನ್ನಡ ಬಿಟ್ಟು ಬೇರೆ ಬಾರದು. ಅಜ್ಜಿ ಉತ್ಸಾಹ ಬಂದರೆ ಇಂಗ್ಲಿಷ್ ಬಿಟ್ಟು ಸ್ಪ್ಯಾನಿಶ್‌ಗೆ ಇಳಿಯುತ್ತಿದ್ದರು. ಆದರೂ ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು.

ಒಂದು ದಿನ ಅವ್ವನನ್ನು ಕೇಳಿದೆ, ಇಷ್ಟು ಹೊತ್ತು ಏನು ಮಾತಾಡಿದಿರಿ ಅಂತ. ಅಜ್ಜಿ ತಮ್ಮ ಸೊಸೆಯ ವಿಷಯ ಹೇಳುತ್ತಿದ್ದರಂತೆ. ಭಾಷೆ ಬಾರದೆ ಅದು ಹೇಗೆ ಗೊತ್ತಾಯಿತು ಅಂದರೆ, ಮುಖ ನೋಡಿದರೆ ತಿಳಿಯುವುದಿಲ್ಲವೇ ಎಂದು ನನ್ನನ್ನೇ ದಡ್ಡನ ಹಾಗೆ ನೋಡಿದಳು. ಮೈಸೂರಿನ ನನ್ನ ಹೆಂಡತಿ ಅಡುಗೆಮನೆಯಲ್ಲಿ ಸೌಟು ಕೆಳಗಿಟ್ಟು, ಅತ್ತೆ ತಿರುಗಿ ಏನು ಹೇಳಿದರು ಅಂತಲೂ ಸ್ವಲ್ಪ ಕೇಳಿ ಅಂದಳು.

ಆ ವರ್ಷ ಅಜ್ಜಿಗೆ ಎಡಗಾಲಿನ ಸೊಂಟದ ಕೀಲು ಬದಲಾಯಿಸುವ ಆಪರೇಶನ್ ಆಗಿತ್ತು. ಮುಂದೆ ಏಪ್ರಿಲ್ ರಜೆಯಲ್ಲಿ, ನನ್ನ ಹೆಂಡತಿಯ ಸಾಫ್ಟ್‌ವೇರ್ ಕಂಪನಿಯ ಮೀಟಿಂಗು ಮ್ಯಾಡ್ರಿಡ್‌ನಲ್ಲಿ ಅಂತ ಗೊತ್ತಾಗಿ, ಅವ್ವ, ಹನ್ನೆರಡು ವರ್ಷದ ಮಗಳು, ನಾನು, ಎಲ್ಲರೂ ಅವಳ ಬಾಲ ಹಿಡಿದು ಹೊರಟೆವು. ಸುದ್ದಿ ಕೇಳಿ ಅಜ್ಜಿ ಬೇಲಿಯ ಹತ್ತಿರ ಬಂದು ನಿಂತರು. ಆಮೇಲೆ ಒಂದೊಂದೇ ಹೊರಬಂತು. ಅವರ ಊರು ಮ್ಯಾಡ್ರಿಡ್‌ನಿಂದ ಬಸ್ಸಿನಲ್ಲಿ ಅರ್ಧ ದಿನದ ದಾರಿ, ಬೆಟ್ಟದ ಮೇಲಿನ ಹಳೇ ಊರು. ಆಪರೇಶನ್ನಿಗೆ ಹೋಗುವ ಮುಂಚೆ, ಮತ್ತೆ ನನ್ನ ಕಾಲ ಮೇಲೆ ನಾನು ನಡೆಯುವಂತಾದರೆ ಮೇಣದ ಕಾಲು ಒಪ್ಪಿಸುತ್ತೇನೆ ಎಂದು ಆ ಊರಿನ ಮೇರಿಯಮ್ಮನಿಗೆ ಹೇಳಿಕೊಂಡಿದ್ದರಂತೆ. ಈಗ ನಡೆಯುತ್ತಿದ್ದಾರೆ. ಆದರೆ ಅಷ್ಟು ದೂರ ವಿಮಾನದಲ್ಲಿ ಕೂಡಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ಅಜ್ಜಿಯ ಕಣ್ಣಲ್ಲಿ ನೀರು ಬಂತು. ಸಾಲ ಉಳಿಸಿಕೊಂಡು ಸತ್ತರೆ ಅಲ್ಲಿ ಅವಳ ಮುಖ ಹೇಗೆ ನೋಡಲಿ ಅಂದರು.

ಪಾರ್ಸೆಲ್ ಮಾಡಬಹುದಲ್ಲ ಅಂತ ನನ್ನ ಬಾಯಿಂದ ಬಂದುಹೋಯಿತು. ಇಂಗ್ಲಿಷು ಬಾರದಿದ್ದರೂ ನಾನು ಅಂದದ್ದು ಅವ್ವನಿಗೆ ಹೇಗೋ ಗೊತ್ತಾಯಿತು.

"ಹರಕಿ ಏನ್ ಮನಿಯಾರ್ಡರ್ ಏನೋ, ಪೋಸ್ಟಿನ್ಯಾಗ ಹಾಕಾಕ? ನಾ ಮುಟ್ಟಸ್ತೀನಿ ಅಂತ ಹೇಳು ಅಕಿಗೆ."

ಯಾವ ಚರ್ಚು ಅಂತ ಅಜ್ಜಿಯನ್ನು ಕೇಳಿದೆ. ಗೋಪುರದ ಮೇಲೆ ಕೊಕ್ಕರೆ ಗೂಡು, ಒಳಗೆ ನೀಲಿ ಮೇಲುಹೊದಿಕೆಯ ಮೇರಿಯಮ್ಮ, ಬೇರೆ ಗುರುತೇ ಬೇಡ, ನಮ್ಮೂರಿಗೆ ಇರುವುದು ಅವಳೊಬ್ಬಳೇ ಅಂದರು. ಅಲ್ಲಿಗೆ ಒಪ್ಪಂದ ಮುಗಿಯಿತು ಅಂದುಕೊಂಡೆ. ಅವ್ವ ಬಿಡಲಿಲ್ಲ. ಪ್ರಸಾದ ತಂದು ಕೈಯಲ್ಲಿ ಇಟ್ಟ ಮೇಲೇ ಹರಕೆ ಮುಗಿದ ಹಾಗೆ ಅಂತ ನನ್ನ ಬಾಯಿಂದಲೇ ಅಜ್ಜಿಗೆ ಮಾತು ಕೊಡಿಸಿದಳು.

೨. ಅಚ್ಚು

ಮೇಣದ ಕಾಲು ಎಲ್ಲಿ ಸಿಗುತ್ತದೆ? ಆಕ್ಲೆಂಡಿನಲ್ಲಿ ಸಿಗುವುದಿಲ್ಲ. ಅಜ್ಜಿ ಚಿಕ್ಕವರಿದ್ದಾಗ ಅವರ ಊರಿನಲ್ಲಿ ಮೇಣದ ಬತ್ತಿಯ ಅಂಗಡಿಯವರು ಮಾಡುತ್ತಿದ್ದರಂತೆ, ಈಗ ಆ ಅಂಗಡಿ ಮುಚ್ಚಿದೆ. ಇಬ್ಬರು ಮುದುಕಿಯರೂ ಸೇರಿ ತಾವೇ ಮಾಡುವುದೆಂದು ತೀರ್ಮಾನಿಸಿದರು. ಇಲ್ಲಿ ಡೇರಿ ಅಂತ ಕರೆಯುವ ಮೂಲೆಯ ಕಿರಾಣಿ ಅಂಗಡಿಯಲ್ಲಿದ್ದ ಬಿಳಿ ಮೇಣದ ಬತ್ತಿಗಳೆಲ್ಲ ಖಾಲಿಯಾದವು. ಆ ವಾರ ಕರೆಂಟು ಹೋಗುತ್ತದೆಯೇ ಎಂದು ಅಂಗಡಿಯವನು ನನ್ನನ್ನು ಎರಡು ಸಲ ಕೇಳಿದ.

ಕರಗಿಸುವುದು ಸುಲಭ. ಎರೆಯಲು ಅಚ್ಚು ಬೇಕಲ್ಲ. ಪಾತ್ರೆ, ಪೈಪು, ಹಾಲಿನ ಬಾಟಲಿ, ಯಾವುದರಲ್ಲೂ ಕಾಲಿನ ಆಕಾರ ಬರಲಿಲ್ಲ. ಕೊನೆಗೆ ಅವ್ವ ನಮ್ಮ ಗ್ಯಾರೇಜಿನಲ್ಲಿ ಮಗಳ ಹಳೇ ಗಮ್‌ಬೂಟು ಕಂಡಳು. ಮಳೆಗಾಲದ ಕೆಸರಿಗೆ ಇಲ್ಲಿ ಎಲ್ಲರೂ ಹಾಕುವ ಮೊಣಕಾಲುದ್ದದ ರಬ್ಬರ್ ಬೂಟು ಅದು. ಎಡಗಾಲಿನದನ್ನೇ ಆರಿಸಿ, ಚೆನ್ನಾಗಿ ತೊಳೆದು, ಕುಂಕುಮ ಹಚ್ಚಿ, ಅದರಲ್ಲಿ ಮೇಣ ಎರೆದರು. ಆರಿದ ಮೇಲೆ ನಾನು ಬ್ಲೇಡಿನಿಂದ ರಬ್ಬರ್ ಸೀಳಿ ತೆಗೆದೆ.

ಕಾಲು ಬಂತು. ಆದರೆ ಅದಕ್ಕೆ ಬೆರಳೂ ಇಲ್ಲ, ಹಿಮ್ಮಡಿಯೂ ಇಲ್ಲ. ಕೆಳಗೆ ಅಂಗಾಲಿನ ತುಂಬ ಬೂಟಿನ ಗೆರೆಗಳು, ಮೇಲೆ ಆನೆ ಕಾಲಿನಷ್ಟು ದಪ್ಪ. ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನೂ ತಡೆಯಲಾರದೆ, ಇದು ಕಾಲಲ್ಲ ಅವ್ವ, ಬೂಟು ಅಂದೆ.

ಅವ್ವ ಅದನ್ನು ತಿರುಗಿಸಿ ನೋಡಿದಳು. "ಇರ್ಲಿ ಬಿಡು. ಯಾವ ದೇಶದಿಂದ ಬಂದೈತಿ ಅಂತ ದೇವಿಗೆ ಗುರ್ತು ಸಿಗತೈತಿ."

೩. ಉಳಿದ ಅಜ್ಜಿ

ಸೂಟ್‌ಕೇಸಿನಲ್ಲಿ ಹಾಕಲು ಅವ್ವ ಸುತರಾಂ ಒಪ್ಪಲಿಲ್ಲ. ಉಟ್ಟುಬಿಟ್ಟ ಬಟ್ಟೆಯ ಜೊತೆ ಹರಕೆಯ ವಸ್ತು ಇಡುತ್ತಾರೆಯೇ, ಮೈಲಿಗೆ ಅಂದಳು. ಹೀಗಾಗಿ ಕಾಲು ಅವಳ ಕೈಚೀಲದಲ್ಲೇ ಏರ್‌ಪೋರ್ಟಿಗೆ ಬಂತು.

ನಾನು ದಿನವಿಡೀ ಎಕ್ಸ್‌ರೇ ಪರದೆ ನೋಡುವವನು. ಅವ್ವನ ಚೀಲ ಯಂತ್ರದೊಳಗೆ ಹೋದಾಗ ಆಚೆ ಕೂತಿದ್ದವನ ಮುಖ ನೋಡಿಯೇ ನನಗೆ ಗೊತ್ತಾಯಿತು, ಇವನಿಗೆ ಇಷ್ಟವಾಗದ ಏನೋ ಕಂಡಿದೆ ಅಂತ. ಬೆಲ್ಟು ನಿಂತಿತು. ಇನ್ನೊಬ್ಬ ಬಂದ. ಇಬ್ಬರೂ ತಲೆ ಓರೆ ಮಾಡಿ ನೋಡಿದರು. ಕೊನೆಗೆ ದೊಡ್ಡ ಅಧಿಕಾರಿಯೊಬ್ಬ ಬಂದು, ಇದೇನು ಎಂದು ನನ್ನನ್ನು ಕೇಳಿದ.

ಅಭ್ಯಾಸಬಲ ನೋಡಿ. ಮೇಣದ ಗೊಂಬೆ ಅಂದಿದ್ದರೆ ಮುಗಿಯುತ್ತಿತ್ತು. ನನ್ನ ಬಾಯಿಗೆ ಬಂದದ್ದು ಆಸ್ಪತ್ರೆಯ ಮಾತು. ಎಡಗಾಲು, ಅಂದೆ.

ಯಾರದು ಎಂದ. ಪಕ್ಕದ ಮನೆಯ ಅಜ್ಜಿಯದು ಅಂದೆ. ಹೆಂಡತಿ ನನ್ನ ಕಾಲು ತುಳಿದಳು. ಅಧಿಕಾರಿ ಚೀಲ ಬಿಚ್ಚಿಸಿ, ಒರೆಸಿ, ಪರೀಕ್ಷೆ ಮಾಡಿ, ಮೇಣವೆಂದು ಖಾತ್ರಿಯಾದ ಮೇಲೆ ಅದನ್ನು ಜೋಪಾನವಾಗಿ ಮತ್ತೆ ಟವಲಿನಲ್ಲಿ ಸುತ್ತಿದ. ಮುಖದಲ್ಲಿ ನಗುವಿನ ಒಂದು ಗೆರೆಯೂ ಇಲ್ಲ. ಚೀಲ ಅವ್ವನ ಕೈಗೆ ಕೊಟ್ಟು ನನ್ನ ಕಡೆ ತಿರುಗಿ, "ಉಳಿದ ಅಜ್ಜಿ ಬೇರೆ ವಿಮಾನದಲ್ಲಿ ಬರ್ತಾರಾ?" ಎಂದು ಕೇಳಿದ.

೪. ಹೊಸ ಗುಡಿ

ಬಸ್ಸು ನಮ್ಮನ್ನು ಬೆಟ್ಟದ ಬುಡದಲ್ಲಿ ಇಳಿಸಿತು. ತಲೆ ಎತ್ತಿದರೆ ಊರೆಲ್ಲ ಜೇನುಬಣ್ಣದ ಕಲ್ಲು. ಕೋಟೆ ಗೋಡೆ, ಗೋಪುರ, ಮತ್ತೆ ಗೋಪುರ. ಪ್ರತಿ ಗೋಪುರದ ಮೇಲೂ ಕೊಕ್ಕರೆ ಗೂಡು. ಅಜ್ಜಿ ಕೊಟ್ಟ ಮೊದಲನೇ ಗುರುತು ಅಲ್ಲೇ ಕೈಕೊಟ್ಟಿತು.

ಹತ್ತುವಾಗ ಅವ್ವನಿಗೆ ನೂರೆಂಟು ಪ್ರಶ್ನೆ. ಇಷ್ಟೆಲ್ಲ ಕಲ್ಲು ಯಾರು ಹೊತ್ತರು, ಇಷ್ಟು ಎತ್ತರಕ್ಕೆ ನೀರು ಹೇಗೆ ತಂದರು. ನಮಗ್ಯಾರಿಗೂ ಗೊತ್ತಿರಲಿಲ್ಲ. ಅವಳೇ ಹುಡುಕಿದಳು. ಒಂದು ಅಂಗಳದಲ್ಲಿ ನೆಲದಡಿ ಕಟ್ಟಿದ ಹಳೇ ನೀರಿನ ತೊಟ್ಟಿ ಕಂಡಿತು. ಬಗ್ಗಿ ನೋಡಿ, ಒಂದು ಸಲ ಕೂಗಿ, ದನಿ ತಿರುಗಿ ಬಂದ ಮೇಲೆ ಸಮಾಧಾನವಾಯಿತು. ಅಲ್ಲೇ ಪಕ್ಕದಲ್ಲಿ ಯಾವ ಕಾಲದ್ದೋ ಸರದಾರನ ಅರಮನೆ. ಬಾಗಿಲ ಮೇಲೆ ಸಿಂಹ, ಕಿರೀಟ, ಗುರಾಣಿ ಎಲ್ಲ ಕೆತ್ತಿದ್ದಾರೆ. ಅದರ ಕೆಳಗೆ ಯಾರೋ ಬನಿಯನ್ ಒಣಹಾಕಿದ್ದರು. ಅವ್ವನಿಗೆ ಅದು ಬಹಳ ಹಿಡಿಸಿತು. ಜನ ಇರೋ ಊರು ಅಂದಳು.

ಮೊದಲು ಒಂದು ಮಾತು ಹೇಳಬೇಕು. ಆಕ್ಲೆಂಡಿನಲ್ಲಿ ನಾನು ಅವ್ವನನ್ನು ಒಂದು ಹಳೇ ಮರದ ಚರ್ಚಿಗೆ ಕರೆದುಕೊಂಡು ಹೋಗಿ, ನೂರು ವರ್ಷ ದಾಟಿದ್ದು ಎಂದು ಹೆಮ್ಮೆಯಿಂದ ತೋರಿಸಿದ್ದೆ. ನಮ್ಮ ಅಟ್ಟ ಇದಕ್ಕಿಂತ ಹಳೇದು ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಳು. ಈಗ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಮುದುಕನನ್ನು, ಎದುರಿಗಿದ್ದ ದೊಡ್ಡ ಚರ್ಚು ಎಷ್ಟು ಹಳೇದು ಎಂದು ಮಗಳಿಂದ ಕೇಳಿಸಿದೆವು. ಮಗಳು ಸ್ಕೂಲಿನಲ್ಲಿ ಸ್ಪ್ಯಾನಿಶ್ ಕಲಿಯುತ್ತಾಳೆ, ಬಣ್ಣ, ಅಂಕಿ, ಹಣ್ಣಿನ ಹೆಸರು ಬರುತ್ತದೆ. ಅದು ಹಳೇದಲ್ಲ, ಹೊಸದು ಅಂದನಂತೆ ಮುದುಕ. ಹೊಸದು ಅಂದರೆ ಎಷ್ಟು? ಐನೂರು ವರ್ಷ.

ಅವ್ವ ಸೊಂಟದ ಮೇಲೆ ಕೈ ಇಟ್ಟು ಆ ಚರ್ಚನ್ನು ಮೇಲಿನಿಂದ ಕೆಳಗೆ ನೋಡಿದಳು. "ಐನೂರು ವರ್ಷ ಆದ್ರೂ ಹೊಸಾದು ಅಂತಾರ. ನಮ್ಮ ಸೊಸಿಗೆ ಹೊಸಾಕಿ ಅಂದ್ರ, ಹದಿನೈದು ವರ್ಷ ಆತು ಅಂತ ಸಿಟ್ಟಿಗೇಳ್ತಾಳ."

೫. ಪುರಾತನ ಸಂಪ್ರದಾಯ

ಬೆಟ್ಟದ ತುದಿಯಲ್ಲಿದ್ದ ಚರ್ಚಿಗೇ ಮೊದಲು ಹೋದೆವು. ಬಾಗಿಲಲ್ಲಿ ಅವ್ವ ನಿಂತಳು, ಬೂಟು ಬಿಚ್ಚಿದಳು. ಇಲ್ಲಿ ಬಿಚ್ಚುವುದಿಲ್ಲ ಅಂತ ನಾನು ಹೇಳಿದೆ. ಅವರು ಬಿಚ್ಚದಿದ್ದರೆ ಅವರಿಷ್ಟ, ನಾನು ಹರಕೆ ಹೊತ್ತವಳು ಅಂದಳು. ಅವಳ ಹಿಂದೆ ಹೆಂಡತಿ ಬಿಚ್ಚಿದಳು, ನಾನೂ ಬಿಚ್ಚಿದೆ. ಮಗಳಿಗಂತೂ ಬರಿಗಾಲು ಹೊಸದಲ್ಲ, ನ್ಯೂಜಿಲೆಂಡಿನ ಮಕ್ಕಳು ಸೂಪರ್ ಮಾರ್ಕೆಟ್ಟಿಗೂ ಬರಿಗಾಲಲ್ಲೇ ಹೋಗುತ್ತಾರೆ. ನಾಲ್ಕೂ ಜೊತೆಯನ್ನು ಗೋಡೆಗೆ ಒತ್ತಿ ಸಾಲಾಗಿ ಇಟ್ಟು ಒಳಗೆ ಹೋದೆವು. ನೆಲ ಮಂಜುಗಡ್ಡೆ. ಅಂಗಾಲಿನಿಂದ ನಡುಕ ನೆತ್ತಿಗೆ ಏರಿತು.

ಅವ್ವ ಮೊದಲು ಒಂದು ಪ್ರದಕ್ಷಿಣೆ ಹಾಕಿದಳು. ಕಂಬ ಕಂಬಕ್ಕೂ ನಿಂತು, ಕೆತ್ತನೆ ಮುಟ್ಟಿ, ಕಿಟಕಿಯ ಬಣ್ಣದ ಗಾಜು ನೋಡಿ, ಕೊನೆಗೆ ಮೇರಿಯಮ್ಮನ ಮುಂದೆ ಬಂದಳು. ಬಂಗಾರದ ಕಸೂತಿಯ ಹೊದಿಕೆ, ಆದರೆ ಬಣ್ಣ ಬಿಳಿ. ಕೈ ಮುಗಿದಳು, ಇವಳಲ್ಲ ಅಂದಳು. ಪಕ್ಕದ ಮನೆಯಾಕೆ ನೀಲಿ ಅಂದಿದ್ದಾಳೆ, ನಡೀರಿ ಅಂತ ಹೊರಟೇಬಿಟ್ಟಳು.

ಹೊರಗೆ ಬರುತ್ತಿದ್ದ ಹಾಗೆ ನೋಡುತ್ತೇವೆ, ಬಾಗಿಲ ಮುಂದೆ ಬೂಟುಗಳ ದೊಡ್ಡ ಸಾಲು. ಯಾವುದೋ ಟೂರ್ ಬಸ್ಸಿನ ಜನ ಬಂದಿದ್ದಾರೆ, ನಮ್ಮ ನಾಲ್ಕು ಜೊತೆ ನೋಡಿ ಅವರೂ ಬಿಚ್ಚುತ್ತಿದ್ದಾರೆ. ಒಬ್ಬ ದಪ್ಪ ಮನುಷ್ಯ ಲೇಸು ಬಿಚ್ಚಲಾರದೆ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಿದ್ದಾನೆ. ಒಬ್ಬಾಕೆಯ ಕಾಲುಚೀಲ ತೂತಾಗಿತ್ತು, ಅವಳು ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ಮುಚ್ಚಿಕೊಳ್ಳುತ್ತಿದ್ದಳು. ಒಳಗಿನಿಂದ ಬಂದ ಕಸ ಗುಡಿಸುವ ಹೆಂಗಸು ಪೊರಕೆ ಹಿಡಿದುಕೊಂಡು ಕಲ್ಲಾಗಿ ನಿಂತಿದ್ದಳು.

ಅವರ ಗೈಡು ಮೊದಲು ತಾನೂ ಗಲಿಬಿಲಿಗೊಂಡ. ಇಷ್ಟು ಜನರ ಮುಂದೆ ಗೊತ್ತಿಲ್ಲ ಅನ್ನಲಾದೀತೇ? ಗಂಟಲು ಸರಿಮಾಡಿಕೊಂಡು, ಇದು ಈ ಊರಿನ ಅತ್ಯಂತ ಪುರಾತನ ಸಂಪ್ರದಾಯ, ಮಧ್ಯಯುಗದಿಂದಲೂ ನಡೆದುಬಂದಿದೆ ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದ. ನಾವು ತಲೆ ತಗ್ಗಿಸಿ ಬೂಟು ಹಾಕಿಕೊಂಡು ಜಾಗ ಖಾಲಿ ಮಾಡಿದೆವು. ಮಗಳು ಮಾತ್ರ ದಾರಿಯುದ್ದಕ್ಕೂ ತನ್ನ ಇಂಗ್ಲಿಷಿನಲ್ಲಿ ಹೇಳುತ್ತಲೇ ಇದ್ದಳು, ಮಧ್ಯಯುಗ ಅಂದರೆ ಇವತ್ತು ಬೆಳಿಗ್ಗೆ ಹನ್ನೊಂದೂವರೆ ಅಂತ.

೬. ನೀಲಿ

ಕೆಳಗಿನ ಬೀದಿಯ ಇನ್ನೊಂದು ಚರ್ಚಿನ ಜಾಲರಿಯೊಳಗಿಂದ ಇಣುಕಿದೆವು. ದೂರದಲ್ಲಿ ದೀಪದ ಬೆಳಕಿಗೆ ನೀಲಿ ಹೊದಿಕೆ ಕಂಡಿತು. ಅವ್ವನ ಮುಖ ಅರಳಿತು. ಆದರೆ ಬಾಗಿಲಿಗೆ ಬೀಗ. ಮಧ್ಯಾಹ್ನ ಎಲ್ಲ ಮುಚ್ಚಿ ಮಲಗುತ್ತಾರೆ, ಐದಕ್ಕೆ ತೆಗೆಯುತ್ತಾರೆ ಅಂತ ಗೊತ್ತಾಯಿತು.

ಊಟ ಮಾಡೋಣ ಅಂದೆ. ಅವ್ವ, ನೀವು ಮಾಡಿರಿ, ಹರಕೆ ಒಪ್ಪಿಸೋವರೆಗೆ ನನಗೆ ಬೇಡ ಅಂದಳು. ಅತ್ತೆ ಉಪವಾಸ ಕೂತಿರುವಾಗ ಸೊಸೆ ಹೇಗೆ ತಿಂದಾಳು? ಹೆಂಡತಿ ನನಗೂ ಬೇಡ ಅಂದಳು, ಮುಖ ಮಾತ್ರ ಬೇಕು ಅನ್ನುತ್ತಿತ್ತು. ಅವರಿಬ್ಬರ ಎದುರಿಗೆ ನಾನು ತಿಂದರೆ ಮುಂದೆ ಇಡೀ ಜನ್ಮ ಕೇಳಬೇಕಾಗುತ್ತದೆ. ಮಗಳು ಒಬ್ಬಳೇ ಯಾವ ಸಂಕೋಚವೂ ಇಲ್ಲದೆ ಒಂದು ಐಸ್‌ಕ್ರೀಮು ಮುಗಿಸಿದಳು. ನಾವು ಮೂವರೂ ಮೆಟ್ಟಿಲ ಮೇಲೆ ಕೂತು ಅವಳನ್ನು ನೋಡಿದೆವು.

ಐದಾಯಿತು. ಮುದುಕ ಪರಿಚಾರಕನೊಬ್ಬ ದೊಡ್ಡ ಬೀಗದ ಕೈ ತಂದು ಬಾಗಿಲು ತೆಗೆದ. ಒಳಗೆ ಗೋಡೆಯ ಮೇಲೆ ನೋಡಿದರೆ, ಸಾಲಾಗಿ ಮೇಣದ ಕೈ, ಮೇಣದ ಕಾಲು, ಪುಟ್ಟ ಮೇಣದ ಮಗು, ಕತ್ತರಿಸಿಕೊಟ್ಟ ಹೆಣ್ಣುಮಕ್ಕಳ ಜಡೆ. ಅವ್ವ ನಿಂತಲ್ಲೇ ನಿಂತಳು. ನಮ್ಮ ಕಡೆ ಬೆಳ್ಳಿಯ ಕಣ್ಣು, ಬೆಳ್ಳಿಯ ಕಾಲು ಮಾಡಿಸಿ ಒಪ್ಪಿಸುವುದನ್ನು ಅವಳು ಹುಟ್ಟಿದಾಗಿನಿಂದ ನೋಡಿದವಳು. ಇಲ್ಲಿಯೂ ಜನ ಹೀಗೇ ಕಷ್ಟಪಡುತ್ತಾರೆ ಅಂದಳು.

ಹೆಣ್ಣುದೇವರ ಹತ್ತಿರ ಬರಿಗೈಯಲ್ಲಿ ಹೋಗಬಾರದೆಂದು ಧಾರವಾಡದಿಂದ ತಂದ ಒಂದು ಖಣ, ಕುಬಸದ ಬಟ್ಟೆ, ಅವಳ ಚೀಲದಲ್ಲಿತ್ತು. ಅದರ ಮೇಲೆ ಕಾಲನ್ನು ಇಟ್ಟು ಎರಡೂ ಕೈಯಿಂದ ಒಪ್ಪಿಸಿದಳು. ಮುದುಕ ಖಣವನ್ನು ಸವರಿ ನೋಡಿ ದೇವಿಯ ಪಾದದ ಹತ್ತಿರ ಹಾಸಿ ಕಾಲನ್ನು ಅದರ ಮೇಲಿಟ್ಟ. ನಾನು ಫೋಟೋ ತೆಗೆದೆ. ಆಮೇಲೆ ಅವನು ಕಾಲು ಎತ್ತಿಕೊಂಡ. ತಿರುಗಿಸಿದ. ಬೆರಳು ಹುಡುಕಿದ. ಆ ದಪ್ಪ, ಆ ಅಂಗಾಲಿನ ಗೆರೆ ನೋಡಿ ಬಹಳ ಕಳವಳದಿಂದ ಮಗಳನ್ನು ಏನೋ ಕೇಳಿದ. ಅವಳಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಸ್ಕೂಲಿನಲ್ಲಿ ಕಲಿಸಿದ ವಾಕ್ಯ ಒಪ್ಪಿಸಿದಳು, ನಾವು ನ್ಯೂಜಿಲೆಂಡಿನಿಂದ ಬಂದಿದ್ದೇವೆ ಅಂತ.

ಮುದುಕ ಕಾಲು ನೋಡಿದ, ನಮ್ಮೆಲ್ಲರ ಕಾಲುಗಳನ್ನು ಒಂದೊಂದಾಗಿ ನೋಡಿದ, ಎದೆಯ ಮೇಲೆ ಶಿಲುಬೆ ಬರೆದುಕೊಂಡು ನಮಗೊಂದು ಕುರ್ಚಿ ತಂದು ಹಾಕಿದ.

೭. ದೇವರ ಊಟ

ಹರಕೆ ಮುಟ್ಟಿತು, ಇನ್ನು ಹೊರಡೋಣ ಅಂದರೆ ಅವ್ವ ಕದಲಲಿಲ್ಲ. ಪ್ರಸಾದ? ಇವರಲ್ಲಿ ಹಾಗೆ ಕಟ್ಟಿಕೊಡುವುದಿಲ್ಲ ಅಂತ ಹೇಳಿ ನೋಡಿದೆ. ಬರಿಗೈಯಲ್ಲಿ ಹೋದರೆ ಬೇಲಿಯ ಹತ್ತಿರ ಕಾಯುತ್ತಿರುವವಳಿಗೆ ಏನು ಹೇಳಲಿ ಎಂದು ಪಟ್ಟು ಹಿಡಿದು ಆ ಕುರ್ಚಿಯಲ್ಲೇ ಕೂತಳು.

ಮಗಳಿಗೆ ಪ್ರಸಾದಕ್ಕೆ ಸ್ಪ್ಯಾನಿಶಿನಲ್ಲಿ ಏನನ್ನುತ್ತಾರೆ ಎಂದು ಹೇಗೆ ಗೊತ್ತು. ಬರುವ ಮಾತಿನಲ್ಲೇ ಜೋಡಿಸಿ, ನಮ್ಮ ಅಜ್ಜಿಗೆ ದೇವರ ಊಟ ಬೇಕಂತೆ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಂದಳು. ಮುದುಕನ ಕಣ್ಣು ತುಂಬಿತು. ಒಳಗೆ ಓಡಿಹೋಗಿ ತನ್ನ ಸಂಜೆಯ ಬುತ್ತಿಯನ್ನೇ ತಂದು ಅವ್ವನ ಅಂಗೈಯಲ್ಲಿಟ್ಟ. ಉದ್ದನೆಯ ಬ್ರೆಡ್ಡು. ಮಧ್ಯದಲ್ಲಿ ಹಂದಿಯ ಮಾಂಸ.

ಹುಟ್ಟಾ ಸಸ್ಯಾಹಾರಿ ನಮ್ಮವ್ವ. ಏನೆಂದು ಕೇಳಿದಳು. ನಾನು ಹೇಳಿದೆ. ಆದರೂ ಕೆಳಗಿಡಲಿಲ್ಲ, ದೇವರ ಮುಂದೆ ಕೊಟ್ಟದ್ದನ್ನು ಬೇಡ ಅನ್ನಬಾರದಲ್ಲ. ಕಣ್ಣಿಗೆ ಒತ್ತಿಕೊಂಡಳು. ಹಾಗೇ ನನ್ನ ಕೈಗೆ ದಾಟಿಸಿದಳು. ನಾನು ಹೆಂಡತಿಗೆ ದಾಟಿಸಿದೆ, ಅವಳು ಮಗಳಿಗೆ ದಾಟಿಸಿದಳು. ಮಗಳು ತಿಂದುಬಿಟ್ಟಳು.

ಮುದುಕನಿಗೆ ಏನೋ ತಪ್ಪಾಗಿದೆ ಅನ್ನಿಸಿತು. ಅವ್ವನ ತೋಳು ಹಿಡಿದು ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋದ. ಅಲ್ಲಿ ಕಿತ್ತಳೆ ಬಣ್ಣದ ಹಣ್ಣು ತುಂಬಿದ ಮರ. ಅವ್ವ ಒಂದು ಎಲೆ ಮುರಿದು ಮೂಸಿ, ಹೇರಳೆಕಾಯಿ ಅಂದಳು. ನಮ್ಮಲ್ಲಿ ಉಪ್ಪಿನಕಾಯಿಗೆ ಹಾಕುವ ಕಹಿ ಹುಳಿಯ ಕಾಯಿಯೇ ಅದು, ಅಥವಾ ಅದರ ಅಕ್ಕನೋ ತಂಗಿಯೋ. ಮುದುಕ ಒಂದು ಹಣ್ಣು ಕಿತ್ತು, ದೇವಿಯ ಪಾದಕ್ಕೆ ಮುಟ್ಟಿಸಿ ತಂದುಕೊಟ್ಟ. ಅವ್ವ ಸೆರಗೊಡ್ಡಿ ತೆಗೆದುಕೊಂಡಳು. ಆಮೇಲೆ ಊಟಕ್ಕೆ ಹೋದರೆ ಹೋಟೆಲಿನವನು ರಾತ್ರಿ ಅಡುಗೆ ಒಂಬತ್ತಕ್ಕೆ ಶುರು ಅಂದ.

ಅವ್ವ ಸುಸ್ತಾಗಿ ಗೋಡೆಗೆ ಒರಗಿದಳು. "ಇವರಿಗೆ ದಿನಾ ಶಿವರಾತ್ರಿ ಜಾಗರಣಿ ಏನು?"

೮. ಮೈಲಾರಲಿಂಗನ ನಾಯಿ

ಆಕ್ಲೆಂಡಿಗೆ ಬರುವವರಿಗೆ ಗೊತ್ತು, ಈ ದೇಶಕ್ಕೆ ಕಳ್ಳನಿಗಿಂತ ಹಣ್ಣಿನ ಹೆದರಿಕೆ ಹೆಚ್ಚು. ಹೊರಗಿನ ಹುಳ ಹುಪ್ಪಟೆ ಬಂದು ತೋಟಗಳು ಹಾಳಾಗಬಾರದೆಂದು ಒಂದು ಬೀಜವನ್ನೂ ಬಿಡುವುದಿಲ್ಲ. ವಿಮಾನ ಇಳಿಯುವ ಮುಂಚೆ ಹೆಂಡತಿ ಎಲ್ಲರನ್ನೂ ಕೇಳಿದಳು, ತಿನ್ನುವುದು ಏನಾದರೂ ಇದೆಯಾ ಅಂತ. ಹೇರಳೆಕಾಯಿ ಇನ್ನೂ ಇದೆ ಅಂತಲೇ ನಮಗೆ ಗೊತ್ತಿರಲಿಲ್ಲ. ಮ್ಯಾಡ್ರಿಡ್‌ನ ಹೋಟೆಲಿನಲ್ಲಿ, ಅದನ್ನು ಒಯ್ಯಲು ಬಿಡುವುದಿಲ್ಲ, ಇಲ್ಲೇ ಯಾವುದಾದರೂ ಮರದ ಬುಡಕ್ಕೆ ಇಟ್ಟು ಕೈ ಮುಗಿ ಅಂತ ಹೇಳಿದ್ದೆ. ಅವ್ವ ತಲೆ ಆಡಿಸಿದ್ದಳು. ಈಗಲೂ, ತಿನ್ನೋದು ಏನೂ ಇಲ್ಲ ಅಂದಳು. ಅವಳ ಲೆಕ್ಕದಲ್ಲಿ ಅದು ಸುಳ್ಳಲ್ಲ. ಪ್ರಸಾದ ಎಂದರೆ ತಿನ್ನುವ ಪದಾರ್ಥವೇ?

ಸಾಮಾನು ಬರುವುದನ್ನು ಕಾಯುತ್ತ ನಿಂತಾಗ, ಹಸಿರು ಕೋಟು ಹಾಕಿದ ಒಂದು ಪುಟ್ಟ ನಾಯಿ ಮೂಸುತ್ತ ಮೂಸುತ್ತ ಬಂತು. ಎಲ್ಲರನ್ನೂ ಬಿಟ್ಟು ಅವ್ವನ ಮುಂದೆ ನಿಂತಿತು. ಅವಳ ಕೈಚೀಲ ಮೂಸಿ, ನೆಟ್ಟಗೆ ಕೂತುಬಿಟ್ಟಿತು. ಆ ನಾಯಿ ಕೂತರೆ ಅದರ ಅರ್ಥವೇನೆಂದು ನನಗೆ ಗೊತ್ತು.

ಅವ್ವನಿಗೆ ಬೇರೆಯೇ ಅರ್ಥ ಹೊಳೆಯಿತು. ಚೀಲ ಕೆಳಗಿಟ್ಟು ಎರಡೂ ಕೈ ಮುಗಿದಳು. "ನೋಡೋ, ಮೈಲಾರಲಿಂಗನ ನಾಯಿ ಬಂದಂಗ ಬಂದೈತಿ. ಪ್ರಸಾದ ಐತಿ ಅಂತ ಮೂಕಪ್ರಾಣಿಗೆ ಹೆಂಗ ತಿಳೀತು."

ಅಧಿಕಾರಿ ಬಂದರು, ಎತ್ತರದ ಗಟ್ಟಿ ಆಳು, ಸಮೋವಾ ದ್ವೀಪದ ಕಡೆಯವರು. ಚೀಲದಿಂದ ಹೇರಳೆಕಾಯಿ ಹೊರಬಂತು. ನಾನು ಒಂದೇ ಉಸಿರಿನಲ್ಲಿ ಹರಕೆ, ಕಾಲು, ಬೇಲಿ ಎಲ್ಲ ಹೇಳಿದೆ. ಇನ್ನೂ ಕೌಂಟರ್ ದಾಟಿಲ್ಲ, ಇಲ್ಲೇ ಒಪ್ಪಿಕೊಂಡರೆ ದಂಡವಿಲ್ಲ, ಆದರೆ ಹಣ್ಣು ಮಾತ್ರ ಹೋಗುವಂತಿಲ್ಲ ಅಂದರು. ಅದನ್ನು ಅವ್ವನಿಗೆ ಹೇಳಿದ್ದೇ ತಡ, ಅವಳ ಮುಖ ಬಾಡಿಹೋಯಿತು. ಅಷ್ಟು ದೂರದಿಂದ ಜೋಪಾನ ಮಾಡಿ ತಂದದ್ದು. ಕಸದ ಬುಟ್ಟಿಗೆ ಹಾಕುತ್ತಾರಾ ಎಂದು ಕೇಳಿದಳು.

ಇಲ್ಲ, ಕಸಕ್ಕೆ ಹಾಕುವುದಿಲ್ಲ, ಬೆಂಕಿಯಲ್ಲಿ ಪೂರ್ತಿ ಸುಡುತ್ತೇವೆ ಅಂದರು ಅಧಿಕಾರಿ.

ಸುಡುತ್ತಾರೆ ಅಂದ ಕೂಡಲೇ ಅವ್ವ ಕಣ್ಣೊರೆಸಿಕೊಂಡಳು. ಅಗ್ನಿಗೆ ಕೊಟ್ಟ ಹಾಗಾಯಿತು, ಅದಕ್ಕೇನೂ ಅಡ್ಡಿಯಿಲ್ಲ ಅಂದಳು. ಅವರು ಹೊಸ ಕೈಗವಸು ಹಾಕಿಕೊಂಡದ್ದನ್ನು ನೋಡಿ, ಮಡಿ ಮನುಷ್ಯ ಅಂತ ಮೆಚ್ಚಿದಳು. ಬಲಗೈಯಿಂದ ಹಾಕಲಿ ಎಂದು ನನ್ನಿಂದ ಹೇಳಿಸಿದಳು. ಅವರೂ ಗಂಭೀರವಾಗಿ ಎರಡೂ ಕೈಯಲ್ಲಿ ತೆಗೆದುಕೊಂಡು ತಲೆ ಬಾಗಿಸಿದರು. ಅಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಂಡು ಟ್ರಾಲಿ ತಳ್ಳಿದೆ. ಅವ್ವ ತಿರುಗಿ ನಿಂತು ಇನ್ನೊಂದು ಮಾತು ಕೇಳು ಅಂದಳು. ನಾನು ನಾಚಿಕೆ ಬಿಟ್ಟು ಕೇಳಿದೆ.

ಅಧಿಕಾರಿ ಹಣ್ಣನ್ನೊಮ್ಮೆ, ಅವ್ವನನ್ನೊಮ್ಮೆ ನೋಡಿದರು. ಇಷ್ಟು ವರ್ಷದಲ್ಲಿ ದಂಡ ಬೇಡ ಅಂತ ಅತ್ತವರಿದ್ದಾರೆ, ಜಗಳ ಆಡಿದವರಿದ್ದಾರೆ, ಬೂದಿ ಯಾವಾಗ ಸಿಗುತ್ತೆ ಅಂತ ಕೇಳಿದವರು ನೀವೇ ಮೊದಲು ಅಂದರು.

೯. ಅಕ್ಕ ತಂಗಿ

ಮೋಟರ್‌ವೇ ಉದ್ದಕ್ಕೂ ಅವ್ವ ಖಾಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬೂದಿಯೂ ಇಲ್ಲ, ಹಣ್ಣೂ ಇಲ್ಲ. ಕಾರು ನಿಲ್ಲಿಸುವಷ್ಟರಲ್ಲಿ ಅಜ್ಜಿ ಕೋಲು ಹಿಡಿದು ಬೇಲಿಯ ಹತ್ತಿರ ನಿಂತಿದ್ದರು. ತಲೆ ಬಾಚಿ, ಒಳ್ಳೇ ಕೋಟು ಹಾಕಿಕೊಂಡಿದ್ದರು. ಬೆಳಿಗ್ಗೆಯಿಂದ ಕಾಯುತ್ತಿದ್ದಾರೆ ಅಂತ ನೋಡಿದರೇ ಗೊತ್ತಾಗುತ್ತಿತ್ತು.

ಪ್ರಸಾದದ ಗತಿ ಏನಾಯಿತು ಅಂತ ನಾನೇ ಮೊದಲು ಹೇಳಿದೆ. ಅಜ್ಜಿ ನಕ್ಕುಬಿಟ್ಟರು, ಅದಕ್ಕೇನು, ಕಾಲು ಮುಟ್ಟಿತಲ್ಲ, ಅಷ್ಟು ಸಾಕು ಅಂದರು. ಅವ್ವನ ಕೈ ಹಿಡಿದುಕೊಂಡರು. ನಾನು ಫೋನು ತೆಗೆದು ಫೋಟೋ ತೋರಿಸಿದೆ. ಪಾದದಲ್ಲಿ ನಮ್ಮ ಖಣ, ಮೇಲೆ ಗಮ್‌ಬೂಟಿನ ಕಾಲು, ಹಿಂದೆ ನೀಲಿ ಹೊದಿಕೆಯ ಮೇರಿಯಮ್ಮ.

ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಅವರ ಕೈ ಅವ್ವನ ಕೈಯಿಂದ ಜಾರಿತು.

"ಇವಳು ನಮ್ಮವಳಲ್ಲ" ಅಂದರು.

ಆಮೇಲೆ ತಿಳಿಯಿತು. ಊರಲ್ಲಿ ಇಬ್ಬರು ಮೇರಿಯಮ್ಮ, ಮೇಲಿನ ಕೇರಿಯವಳೊಬ್ಬಳು, ಕೆಳಗಿನ ಕೇರಿಯವಳೊಬ್ಬಳು. ಅಜ್ಜಿ ಮೇಲಿನ ಕೇರಿಯವರು, ಅವರ ಲೆಕ್ಕಕ್ಕೆ ಕೆಳಗಿನವಳು ಇಲ್ಲವೇ ಇಲ್ಲ. ಅಲ್ಲಿ ಹಬ್ಬ ಹಬ್ಬಕ್ಕೆ ಹೊದಿಕೆ ಬದಲಾಗುತ್ತದೆ, ಈಸ್ಟರ್ ಮುಗಿದ ಮೇಲೆ ಬಿಳಿ ಹೊದಿಸುತ್ತಾರೆ. ಅಜ್ಜಿ ಊರು ಬಿಟ್ಟದ್ದು ನೀಲಿಯ ಕಾಲದಲ್ಲಿ, ಅವರ ಕಣ್ಣಲ್ಲಿ ನಿಂತದ್ದು ನೀಲಿ. ನಾವು ಬೂಟು ಬಿಚ್ಚಿಟ್ಟು ಕೈ ಮುಗಿದು, ಇವಳಲ್ಲ ಅಂತ ಬಿಟ್ಟುಬಂದವಳೇ ಅವರ ಮೇರಿಯಮ್ಮ. ನನ್ನ ಹೆಂಡತಿ ಮೆಲ್ಲಗೆ, ದೇವಿಗೆ ಒಂದೇ ಸೀರೆ ಇರುತ್ತಾ ಅತ್ತೆ ಅಂದಳು. ಅದೊಂದು ಮಾತು ಅವ್ವನಿಗೆ ಚುಚ್ಚಿತು, ಯಾಕೆಂದರೆ ಅದು ಅವಳಿಗೆ ಗೊತ್ತಿರಬೇಕಾದ ಮಾತು.

ಅಜ್ಜಿಗೆ ದುಃಖಕ್ಕಿಂತ ಗಾಬರಿ ಹೆಚ್ಚಾಗಿತ್ತು. ಕೆಳಗಿನ ಕೇರಿಗೂ ಮೇಲಿನ ಕೇರಿಗೂ ಮೆರವಣಿಗೆಯಲ್ಲಿ ಯಾರು ಮುಂದೆ ಅನ್ನುವ ಜಗಳವಂತೆ. ಅವರ ಅಪ್ಪ ಕೆಳಗಿನ ಚರ್ಚಿನ ಮುಂದೆ ಹಾಯುವಾಗ ಮುಖ ತಿರುಗಿಸಿಕೊಳ್ಳುತ್ತಿದ್ದರಂತೆ. ಅಂಥವರ ಮನೆಯ ಹರಕೆಯನ್ನು ಹೋಗಿ ಹೋಗಿ ಅಲ್ಲಿ ಒಪ್ಪಿಸಿ ಬಂದಿದ್ದೇವೆ. ಈಗ ಇವಳ ಸಾಲ ತೀರಲಿಲ್ಲ, ಅವಳ ಋಣ ಬೇರೆ ಬಿತ್ತು ಎಂದು ಅಜ್ಜಿ ತಲೆ ಹಿಡಿದುಕೊಂಡರು. ನಾನು ಎಲ್ಲವನ್ನೂ ಅವ್ವನಿಗೆ ಕನ್ನಡದಲ್ಲಿ ಹೇಳಿದೆ.

ಅವ್ವ ಬೇಲಿಯ ಕಟ್ಟಿಗೆ ಹಿಡಿದು ಮುಂದಕ್ಕೆ ಬಾಗಿದಳು. ಆಮೇಲೆ ನನಗೆ, ಅಕಿಗೆ ಇದೊಂದು ಕೇಳು ಅಂದಳು. "ಒಂದ ಊರಾಗಿನ ಎರಡು ಹೆಣ್ಣದೇವರು. ಅಕ್ಕ ತಂಗಿ ಹೌದಿಲ್ಲೋ?"

ನಾನು ಕೇಳಿದೆ. ಅಜ್ಜಿ ಒಪ್ಪಿಕೊಂಡರು. ಅಕ್ಕ ತಂಗಿಯರೇ, ಅದು ನಿಜ ಅಂದರು. ಆದರೆ ಮಾತು ಬಿಟ್ಟು ನೂರಾರು ವರ್ಷ ಆಯಿತು, ಒಬ್ಬರ ಮನೆಗೆ ಒಬ್ಬರು ಹೋಗುವುದಿಲ್ಲ.

ಅದನ್ನು ಕನ್ನಡದಲ್ಲಿ ಹೇಳಿ ಮುಗಿಸುವುದರೊಳಗೆ ಅವ್ವನ ಮುಖ ಬೆಳಗಿತು. ಬೇಲಿಯ ಮೇಲಿಂದ ಕೈ ಚಾಚಿ ಅಜ್ಜಿಯ ಕೈ ಮತ್ತೆ ಹಿಡಿದುಕೊಂಡಳು.

"ಹಂಗಾದ್ರ ಛಲೋನ ಆತು. ಇದು ನಂದಲ್ಲ, ನಮ್ಮಕ್ಕಂದು ಅಂತ ಕೊಟ್ಟು ಬರಾಕರ ಈಗ ಕೆಳಗಿನಾಕಿ ಮ್ಯಾಲಿನ ಮನಿಗೆ ಹೋಗಬೇಕು. ನಡಕೋತ ಹೋಗಾಕ ಒಂದು ಕಾಲೂ ಕೊಟ್ಟು ಬಂದೀವಲ್ಲ."